ಆಪಾನ ಹಾಳೆಗಳು

ಮೊನ್ನೆ ಪತ್ರಸಂಗ್ರಹದ ಪೆಟ್ಟಿಗೆಯೊಂದರ ಮುಚ್ಚಳ ತೆಗೆದಾಗ ಚಿಮಣಿ ಎಣ್ಣೆಯ ವಾಸನೆ ಬಂತು. ಜೊತೆಗೆ ಹಳೆಯ ಮಸಿಯ ವಾಸನೆ. ಎಷ್ಟು ಸಲ ಗಾಳಿಗೆ ಹರವಿಟ್ಟರೂ ಹೋಗಿಲ್ಲ. ಪ್ರೆಸ್ಸಿನ ಚಾಚಾ ನೆನಪಾದರು...

ಧಾರವಾಡದ ಗ್ರಂಥಾಲಯವೊಂದರಲ್ಲಿ ನಾನು ಒಬ್ಬ ಕಾದಂಬರಿಕಾರರ ಖಾಸಗಿ ಪತ್ರಗಳನ್ನು ಕೂಡಿಸಿಡುವ ಕೆಲಸ ಮಾಡುತ್ತೇನೆ. ಬರೆದವರು ತೀರಿಕೊಂಡಿದ್ದಾರೆ. ಪತ್ರಗಳು ಯಾರ್ಯಾರದೋ ಮನೆಯ ಟ್ರಂಕಿನಲ್ಲಿ, ಗಾದಿಯ ಕೆಳಗೆ ಉಳಿದಿರುತ್ತವೆ. ಹೋಗಿ ಕೇಳಬೇಕು. ಹಾಗೆ ಕೇಳುತ್ತ ಹೋದವಳಿಗೆ ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಚಾಚಾ ಸಿಕ್ಕರು. ಕಾದಂಬರಿಕಾರರ ಮೊದಮೊದಲ ಪುಸ್ತಕಗಳನ್ನು ತಮ್ಮ ಪ್ರೆಸ್ಸಿನಲ್ಲಿ ಸೀಸದ ಅಕ್ಷರಮೊಳೆ ಜೋಡಿಸಿ ಅಚ್ಚು ಹಾಕಿದವರು ಅವರೇ. ಇಬ್ಬರೂ ಸಣ್ಣಂದಿನಿಂದ ಗೆಳೆಯರು.

ಮೊದಲ ಸಲ ಚಹಾ ಕೊಟ್ಟು, ಪತ್ರಗಿತ್ರ ಏನಿಲ್ಲವೆಂದು ಕಳಿಸಿದರು. ಮತ್ತೊಮ್ಮೆ ಹೋದಾಗಲೂ ಅದೇ ಮಾತು. ಆದರೂ ನಾನು ಹೋಗುವುದನ್ನು ಬಿಡದಿದ್ದಾಗ, ಒಂದು ದಿನ ಮೊಳೆ ಇಡುವ ಮರದ ಖಾನೆಯನ್ನು ಎಳೆದು ತೋರಿಸಿದರು. ಅದರ ತುಂಬ ಕಾದಂಬರಿಕಾರರ ಇನ್‌ಲ್ಯಾಂಡ್ ಪತ್ರಗಳು. ಒಂದನ್ನೂ ಒಡೆದಿರಲಿಲ್ಲ.

ಯಾಕೆಂದು ಅವರೇ ಹೇಳಿದರು. ಅವರ ಅಕ್ಕ, ಓಣಿಯವರೆಲ್ಲರ ಆಪಾ, ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದಿದ್ದರು. ಓಣಿಯ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು. ಆಗ ಕಾದಂಬರಿಕಾರರು ಉಣ್ಣುತ್ತಿದ್ದುದು ಚಾಚಾನ ಮನೆಯಲ್ಲೇ. ಆಪಾ ಅವರನ್ನೂ ತಮ್ಮನೆಂದೇ ತಿಳಿದು ತಮ್ಮ ಕಷ್ಟವನ್ನೆಲ್ಲ ಹೇಳಿಕೊಂಡಿದ್ದರು. ಮುಂದೆ ಹೊಸ ಕಾದಂಬರಿಯೊಂದು ಪ್ರೆಸ್ಸಿಗೆ ಬಂತು. ಚಾಚಾ ಮೊಳೆ ಜೋಡಿಸುತ್ತ ಹೋದಂತೆ ಅದರಲ್ಲಿ ಆಪಾ ಕಾಣತೊಡಗಿದರು. ಹೆಸರು ಬೇರೆ, ಮಾತೆಲ್ಲ ಅವರದೇ. ಜೊತೆಗೆ ಕಾದಂಬರಿಕಾರರು ಒಂದು ಸುಳ್ಳನ್ನೂ ಸೇರಿಸಿದ್ದರು: ಕಾದಂಬರಿಯ ಹೆಂಗಸು ಇನ್ನೊಬ್ಬನಿಗಾಗಿ ಗಂಡನನ್ನು ಬಿಟ್ಟು ಬಂದವಳು.

"ಮಾತ ಕೊಟ್ಟಿದ್ದೆ ನೋಡವಾ. ಪೂರಾ ಅಚ್ಚ ಹಾಕಿ ಕೊಟ್ಟೆ. ಆಮ್ಯಾಲ ಅಂವನ ಮಾರಿ ನೋಡ್ಲಿಲ್ಲ," ಅಂದರು.

ಪುಸ್ತಕ ಓದಿದವರಿಗೆ ಆಪಾನ ಗುರುತು ಹತ್ತಿತು. ತಾಯಂದಿರು ತಮ್ಮ ಹುಡುಗಿಯರನ್ನು ಹೊಲಿಗೆಗೆ ಕಳಿಸುವುದನ್ನು ನಿಲ್ಲಿಸಿದರು. ಆಪಾ ಕ್ರಮೇಣ ಹೊಸ್ತಿಲು ದಾಟುವುದನ್ನೇ ಬಿಟ್ಟರು. ಹಾಗೇ ಬಹಳ ವರ್ಷ ಬದುಕಿ, ಹಾಗೇ ಹೋದರು. ಧಾರವಾಡಕ್ಕೆ ಹೋಗಿ ನೆಲೆಸಿದ ಕಾದಂಬರಿಕಾರರಿಂದ ಪತ್ರಗಳು ಬರುತ್ತಲೇ ಇದ್ದವು. ಚಾಚಾನಿಗೆ ಒಡೆಯಲು ಮನಸ್ಸಾಗಲಿಲ್ಲ, ಒಲೆಗೆ ಹಾಕಲೂ ಆಗಲಿಲ್ಲ.

ಈಗ ಅವರ ಕಣ್ಣು ಮಂಜಾಗಿದ್ದವು. ನನ್ನನ್ನೇ ಓದೆಂದರು. "ಆಪಾನ ಬಗ್ಗೆ ಏನರೆ ಬರದಾನೇನ, ಅಷ್ಟ ನೋಡು."

ಹಲವು ಮಧ್ಯಾಹ್ನ ರಾಯಾಪುರ ದಾಟಿ ಹುಬ್ಬಳ್ಳಿಗೆ ಹೋದೆ, ಒಂದೊಂದೇ ಪತ್ರ ಒಡೆದು ಓದಿದೆ. ಹಲ್ಲುನೋವು, ಬಿಡದ ಮಳೆ, ಹಿತ್ತಲಿನ ಮಾವಿನಗಿಡ. ಹೊಸ ಪ್ರೆಸ್ಸಿನವರು ತುಂಬ ತಪ್ಪು ಉಳಿಸುತ್ತಾರೆಂಬ ದೂರು. ಅದನ್ನು ಕೇಳಿ ಚಾಚಾ ಒಮ್ಮೆ ನಕ್ಕುಬಿಟ್ಟರು. ಬಾ, ಒಮ್ಮೆ ಬಂದು ಹೋಗು ಎಂದು ಪತ್ರದಿಂದ ಪತ್ರಕ್ಕೆ ಕರೆ. ಗೆಳೆಯನಿಗಾಗಿ ಕಾದಂಬರಿಕಾರರ ಜೀವ ಬಡಿದುಕೊಂಡದ್ದು ಖರೇ. ಆದರೆ ಪ್ರತಿ ಪತ್ರ ಮುಗಿದಾಗಲೂ ಚಾಚಾ ನನ್ನ ಮುಖ ನೋಡುತ್ತಿದ್ದರು. ನಾನು ಮುಂದಿನದನ್ನು ತೆಗೆಯುತ್ತಿದ್ದೆ...

ಕೊನೆಯದೂ ಮುಗಿಯಿತು. ಚಾಚಾ ಖಾನೆಯೊಳಗೆ ಕೈಯಾಡಿಸಿ, ಇನ್ನೊಂದೂ ಉಳಿದಿಲ್ಲವೆಂದು ನೋಡಿಕೊಂಡರು.

"ಒಂದರಾಗೂ ಇಲ್ಲ," ಅಂದರು. ಆಮೇಲೆ, "ಎಲ್ಲಾ ಒಯ್ಯಿ. ಆದ್ರ ನಾ ಹೇಳೂದನ್ನೂ ಬರಕೋ. ಇವುಗಳ ಮ್ಯಾಲ ಅದನ್ನ ಇಡಬೇಕು."

ಅವತ್ತು ಅವರು ಆಪಾನ ಬಗ್ಗೆ ಹೇಳಿದರು, ನಾನು ಹಾಳೆಗಳ ಮೇಲೆ ಬರೆದುಕೊಂಡೆ. ಓಣಿಯ ಆ ತುದಿಗೆ ಕೇಳುವಂಥ ಅವರ ನಗು, ಬಟ್ಟೆ ಕತ್ತರಿಸುವಾಗಿನ ಗುನುಗು, ಗಂಡನ ಮನೆಯಿಂದ ಒಬ್ಬರೇ, ಯಾರ ನೆರವೂ ಇಲ್ಲದೆ ನಡೆದು ಬಂದದ್ದು. ಹೆಸರು ಬರೆಯಲೇ ಎಂದು ಕೇಳಿದೆ. "ಬ್ಯಾಡವಾ. ಒಮ್ಮೆ ಮಂದಿ ಬಾಯಿಗೆ ಬಿದ್ದಾಳ, ಸಾಕು," ಅಂದರು.

ಆ ಹಾಳೆಗಳು ಕಾದಂಬರಿಕಾರರ ಪತ್ರಗಳಲ್ಲ, ಆ ಪೆಟ್ಟಿಗೆಯಲ್ಲಿಡಲು ಬರುವುದಿಲ್ಲವೆಂದು ನಮ್ಮ ಮೇಲಿನವರು ತಕರಾರು ತೆಗೆದರು. ಹಾಗಿದ್ದರೆ ಪತ್ರಗಳನ್ನೂ ಹಿಂದಕ್ಕೆ ಕೊಟ್ಟುಬರುತ್ತೇನೆಂದೆ. ಕೊನೆಗೆ ಒಪ್ಪಿದರು. ಚಾಚಾ ತಾವೇ ಬಸ್ಸು ಹತ್ತಿ ಧಾರವಾಡಕ್ಕೆ ಬಂದರು. ಹಾಳೆಗಳು ಮೇಲೆಯೇ ಇವೆಯೇ ಎಂದು ಕೈಯಿಂದ ಮುಟ್ಟಿ ನೋಡಿ, ಮುಚ್ಚಳ ಹಾಕಿ ಹೋದರು. ಮತ್ತೆ ಬರಲಿಲ್ಲ. ಆ ವರ್ಷವೇ ತೀರಿಕೊಂಡರು. ಪ್ರೆಸ್ಸಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ.

ಸಂಶೋಧನೆಗೆ ಬರುವವರಲ್ಲಿ ಹೆಚ್ಚಿನವರು ಮೇಲಿನ ಹಾಳೆಗಳನ್ನು ಸರಿಸಿ ಪತ್ರಗಳಿಗೆ ಕೈಹಾಕುತ್ತಾರೆ. ಮೊನ್ನೆ ಪೆಟ್ಟಿಗೆ ತೆಗೆಸಿದ ಹುಡುಗಿ ಹಾಗೆ ಮಾಡಲಿಲ್ಲ. ಆ ಹಾಳೆಗಳನ್ನೇ ಹಿಡಿದು ಮಧ್ಯಾಹ್ನವೆಲ್ಲ ಕೂತಿದ್ದಳು. ಏಳುವಾಗ ನನ್ನ ಹತ್ತಿರ ಬಂದು, "ಮೇಡಂ, ಇವರು ಹೊಲಿಗಿ ಕಲಿಸಿದ ಹುಡುಗ್ಯಾರು ಯಾರರೆ ಇನ್ನೂ ಇದ್ದಾರು, ಹೌದಲ್ರಿ? ನಾ ಹೋಗಿ ಕೇಳ್ಲೇನ್ರಿ?" ಅಂದಳು.

ಓಣಿಯ ದಾರಿ ಹೇಳಿ ಕಳಿಸಿದೆ. ಚಾಚಾನಿಗೆ ಈ ಸುದ್ದಿ ಮುಟ್ಟಿಸಬೇಕು ಅನಿಸಿತು... ಮುಟ್ಟಿಸಲು ಅವರು ಇಲ್ಲ.