ಒಂದೆಲಗ, ತುಪ್ಪ ಮತ್ತು ನನ್ನ ‘ಹೂಂ’

ಮಲ್ಲೇಶ್ವರದ ನಮ್ಮ ಮನೆಯಲ್ಲಿ ಭಾನುವಾರ ಒಂದೆಲಗದ ತಂಬುಳಿ ತಪ್ಪುತ್ತಿರಲಿಲ್ಲ. ಬುದ್ಧಿ ಚುರುಕಾಗುತ್ತದೆ ಎಂದು ಅಮ್ಮ ನನಗೂ ಅಕ್ಕನಿಗೂ ಗದರಿಸಿ ಕುಡಿಸುತ್ತಿದ್ದಳು. ಮುಂದೆ ಆ ಸೊಪ್ಪೇ ನನಗೆ ಅನ್ನ ಹಾಕಿತು. “ಹಿತ್ತಲ ಗಿಡ ಮದ್ದಲ್ಲ ಅಂತಾರೆ, ನಮ್ಮ ಚಿಕ್ಕವಳಿಗೆ ಅದೇ ಸಂಬಳ ಕೊಡ್ತಿದೆ,” ಎಂದು ಅಮ್ಮ ನೆಂಟರ ಮುಂದೆ ಬೀಗುತ್ತಿದ್ದಳು.

ಒಂದೆಲಗದ ಸತ್ವವನ್ನು ಮಿದುಳಿಗೆ ತಲುಪಿಸುವುದು ಲ್ಯಾಬಿನಲ್ಲಿ ನನ್ನ ಕೆಲಸ. ರಕ್ತದಿಂದ ಮಿದುಳಿಗೆ ಹೋಗುವ ದಾರಿಯಲ್ಲಿ ಬಿಗಿ ಕಾವಲಿದೆ, ಬಂದದ್ದನ್ನೆಲ್ಲ ಒಳಗೆ ಬಿಡುವುದಿಲ್ಲ. ಅದಕ್ಕೆ ಸತ್ವವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ನ್ಯಾನೊ ಕಣಗಳಲ್ಲಿ ತುಂಬಿ ಕಳಿಸಿ ನೋಡುತ್ತೇವೆ. ಸದ್ಯಕ್ಕೆ ಇಲಿಗಳಲ್ಲಿ ಮಾತ್ರ.

ಅಷ್ಟರಲ್ಲಿ ಅಮ್ಮನಿಗೇ ಮರೆವು ಶುರುವಾಯಿತು. ಮಾತ್ರೆಯಿಂದ ಅದು ವಾಸಿಯಾಗುವುದಿಲ್ಲ, ಸ್ವಲ್ಪ ನಿಧಾನವಾಗಬಹುದು ಎಂದರು ಡಾಕ್ಟರು. ಅಮ್ಮ ನನ್ನನ್ನು ಗುರುತಿಸುವ ದಿನಗಳು ಇನ್ನಷ್ಟು ಸಿಕ್ಕರೆ ಸಾಕು ಎಂದುಕೊಂಡೆ. ನಾನು ಬೇಗ ಲ್ಯಾಬಿಗೆ ಹೊರಡುತ್ತಿದ್ದೆ. ಹಾಗಾಗಿ ಬೆಳಗಿನ ಮಾತ್ರೆ ಕೊಡುವ ಹೊಣೆ ಪಕ್ಕದ ಕ್ರಾಸಿನಲ್ಲಿದ್ದ ಅಕ್ಕನದಾಯಿತು. ಸಂಪಿಗೆ ರಸ್ತೆಯಲ್ಲಿ ಅವಳದೊಂದು ಗಿಡಮೂಲಿಕೆ ಅಂಗಡಿ. ಅಂಗಡಿ ತೆಗೆಯುವ ಮೊದಲು ಬಂದು ಹೋಗುತ್ತಿದ್ದಳು.

ಯುಗಾದಿಯ ದಿನ ಒಬ್ಬಟ್ಟಿಗೆ ತುಪ್ಪ ಬಡಿಸುತ್ತ ಅಮ್ಮ ನನ್ನ ಕೆಲಸದ ಬಗ್ಗೆ ಕೇಳಿದಳು. ಹೇಳಿದೆ.

“ನಮ್ಮಜ್ಜಿ ಒಂದೆಲಗಾನ ತುಪ್ಪದಲ್ಲಿ ಕಾಯಿಸಿ ಕೊಡ್ತಿದ್ರು. ಅದೇ ತಾನೆ ಇದು?”

ಅದಲ್ಲ. ಎರಡಕ್ಕೂ ಅಜಗಜಾಂತರ. ಆದರೆ ಅಮ್ಮನ ಮುಖದಲ್ಲಿ ಅಂಥ ಗೆಲುವು ಕಂಡು ಬಹಳ ದಿನವಾಗಿತ್ತು. “ಹೂಂ ಅಮ್ಮ, ಅದೇ,” ಅಂದೆ. ಇದನ್ನಿನ್ನೂ ಮನುಷ್ಯರಿಗೆ ಕೊಟ್ಟಿಲ್ಲ ಎಂದೂ ಸೇರಿಸಿದೆ. ಅಕ್ಕ ಹಬ್ಬದ ನೆನಪಿಗೆಂದು ಫೋನಿನಲ್ಲಿ ವಿಡಿಯೊ ಮಾಡುತ್ತಿದ್ದಳು.

ಶ್ರಾವಣದಲ್ಲಿ ಒಂದು ದಿನ ತೊಗರಿಬೇಳೆ ಡಬ್ಬಕ್ಕೆ ಕೈ ಹಾಕಿದರೆ ಅಮ್ಮನ ಮಾತ್ರೆಗಳು ಸಿಕ್ಕವು. ನಾಲ್ಕು ತಿಂಗಳ ಮಾತ್ರೆ, ಒಂದೂ ಬಿಡಿಸಿರಲಿಲ್ಲ. ಡಬ್ಬದ ಹಿಂದೆ ಒಂದು ಬಾಟಲಿ, ಅದರ ಮೇಲೆ ‘ನ್ಯಾನೊ ಒಂದೆಲಗ’ ಎಂಬ ಚೀಟಿ.

“ಅಕ್ಕ ತಂದ್ಕೊಟ್ಲು,” ಅಂದಳು ಅಮ್ಮ. “ನೀನೇ ಕಂಡುಹಿಡಿದಿದ್ದಂತಲ್ಲ. ಇದಿದ್ರೆ ಮಾತ್ರೆ ಬೇಡ ಅಂದ್ಲು. ನಿಂಗೆ ಹೇಳ್ಬೇಡ ಅಂತಾನೂ ಅಂದ್ಲು.”

ಅಕ್ಕನ ಅಂಗಡಿಗೆ ನಡೆದೇ ಹೋದೆ. ಗೋಡೆಯ ಟಿವಿಯಲ್ಲಿ ನಮ್ಮ ಯುಗಾದಿ ಊಟದ ವಿಡಿಯೊ ಓಡುತ್ತಿತ್ತು, ಕೆಳಗೆ ಮಾರಾಟಕ್ಕೆ ಅದೇ ಬಾಟಲಿಗಳ ಸಾಲು. ಅಮ್ಮ ಕೇಳುತ್ತಾಳೆ, ನಾನು “ಹೂಂ ಅಮ್ಮ, ಅದೇ” ಅನ್ನುತ್ತೇನೆ. ಅಲ್ಲಿಗೆ ಕತ್ತರಿಸಿದ್ದಳು. ಮನುಷ್ಯರಿಗೆ ಕೊಟ್ಟಿಲ್ಲ ಎಂದದ್ದು ಇರಲೇ ಇಲ್ಲ.

“ಅಮ್ಮನ ಮಾತ್ರೆ ಯಾಕೆ ನಿಲ್ಲಿಸ್ದೆ?”

“ಅದರಿಂದ ಅವಳಿಗೆ ತಲೆ ಸುತ್ತುತ್ತಿತ್ತು ಕಣೆ. ನಾನೇನು ಸುಳ್ಳು ಹೇಳಿದೀನಾ? ಹೂಂ ಅಂದಿದ್ದು ನೀನು.”

ಮನೆಗೆ ಮಾರಿ, ಊರಿಗೆ ಉಪಕಾರಿ. ಬಾಯಿಗೆ ಬಂದಂತೆ ಬೈದೆ, ಗಿರಾಕಿಗಳು ತಿರುಗಿ ನೋಡಿದರು. ಒಡಹುಟ್ಟಿದವಳು, ಅಮ್ಮನನ್ನು ನಂಬಿ ಒಪ್ಪಿಸಿದ್ದವಳು, ಹೀಗೆ ಮಾಡಿದಳಲ್ಲ ಎಂದು ಮೈಯೆಲ್ಲ ಉರಿಯಿತು. ಆದರೆ ಆ ಹೂಂ ನನ್ನದೇ ಆಗಿತ್ತು.

ಮನೆಗೆ ಬಂದು ಬಾಟಲಿಯಲ್ಲಿದ್ದುದನ್ನು ಸಿಂಕಿಗೆ ಸುರಿದೆ. ಅದು ನಾನು ಮಾಡಿದ್ದಲ್ಲ ಎಂದು ಅಮ್ಮನಿಗೆ ಬಿಡಿಸಿ ಹೇಳಿದೆ. ಅಮ್ಮ ತಲೆಯಾಡಿಸಿದಳು.

ಈಗ ಬೆಳಗಿನ ಮಾತ್ರೆ ನಾನೇ ಕೊಡುತ್ತೇನೆ. ಕೆಲವು ದಿನ ಅಮ್ಮ ಅದನ್ನು ತಟ್ಟೆಯ ಅಂಚಿಗೆ ಸರಿಸಿ, ಎದ್ದು ಹೋಗಿ ಡಬ್ಬಗಳ ಹಿಂದೆ ಬಾಟಲಿ ಹುಡುಕುತ್ತಾಳೆ. ತಡೆದರೆ ನನ್ನನ್ನು ನೋಡಿ ಸಂಕೋಚದಿಂದ ನಗುತ್ತಾಳೆ.

“ನೀವು ತಪ್ಪು ತಿಳ್ಕೋಬೇಡಿ,” ಅನ್ನುತ್ತಾಳೆ. “ನನ್ನ ಚಿಕ್ಕ ಮಗಳೇ ಮಾಡಿರೋ ಔಷಧಿ ಇದೆ. ಅವಳು ಬಂದು ಕೊಡ್ತಾಳೆ.”