ದಣಿವು ತೂಗಲು ಹೊರಟ ಡ್ರಿಲ್ ಮಾಸ್ತರು

ನಮ್ಮ ಡ್ರಿಲ್ ಮಾಸ್ತರ ಎರಡು ಕಾಲುಗಳನ್ನು ನೋಡಿದರೆ ಇಬ್ಬರು ಮನುಷ್ಯರಿಂದ ಒಂದೊಂದು ತಂದು ಜೋಡಿಸಿದಂತೆ ಕಾಣುತ್ತಿತ್ತು. ಬಲಗಾಲು ಸಾದಾ ಮಾಸ್ತರನ ಕಾಲು. ಎಡಗಾಲಿನ ಮೀನಖಂಡ ಮಾತ್ರ ಕಲ್ಲಿನ ಹಾಗೆ ಗಟ್ಟಿ, ಒಂದು ಹಿಡಿಗೆ ಸಿಗದಷ್ಟು ದಪ್ಪ. ಹರೆಯದಲ್ಲಿ ಖೋಖೋ ಆಡುವಾಗ ಕಂಬ ಹಿಡಿದು ತಿರುಗುವ ಪ್ರತಿ ಸಲವೂ ಮೈಯ ಭಾರವನ್ನೆಲ್ಲ ಆ ಒಂದು ಕಾಲಿನ ಮೇಲೆ ಹಾಕಿದ್ದರಂತೆ. ಖಾಕಿ ಚಡ್ಡಿ ಹಾಕಿಕೊಂಡು ಅವರು ಪಾಲಬಾವಿ ಹೈಸ್ಕೂಲಿನ ಬಯಲಿನಲ್ಲಿ ನಿಂತರೆ ಹೊಸಬರು ಮೊದಲು ನೋಡುತ್ತಿದ್ದದ್ದು ಮುಖವನ್ನಲ್ಲ, ಆ ಕಾಲನ್ನು.

ಎಂಬತ್ತರ ದಶಕದ ನಡುವಿನ ಮಾತು. ನಾನು ಆಗ ಹಾರೂಗೇರಿಯಲ್ಲಿ ಬೆಲ್ಲದ ದಲಾಲಿ ಅಂಗಡಿ ಹೊಸದಾಗಿ ಇಟ್ಟಿದ್ದೆ. ಅಪ್ಪನ ಬಂಡವಾಳವಿಲ್ಲ, ಕಾಕಾನ ವಶೀಲಿಯಿಲ್ಲ. ಒಂದು ತೂಕದ ಕಾಟಾ, ನಾಲ್ಕು ಗೋಣಿತಟ್ಟು, ಒಂದು ಬಾಯಿ, ಇಷ್ಟೇ. ಸಂತೆಯ ದಿನ ಮಾಸ್ತರು ಪಾಲಬಾವಿಯಿಂದ ಸೈಕಲ್ ತುಳಿದು ಬಂದು ನನ್ನ ಅಂಗಡಿಯ ಚೀಲಗಳ ಮೇಲೆ ಕೂರುತ್ತಿದ್ದರು. ಚಹಾ ಬರುವುದರೊಳಗೆ ಅವರ ಪ್ರಶ್ನೆ ಬರುತ್ತಿತ್ತು: “ಸಾವಕಾರ, ಮನುಷ್ಯಾನ್ನ ಎಲ್ಲಾಕಿಂತ ಹೆಚ್ಚ ದಣಸೂ ಆಟ ಯಾವುದು?”

ಇದನ್ನು ಅವರು ನನ್ನೊಬ್ಬನನ್ನೇ ಕೇಳುತ್ತಿದ್ದರೆಂದು ತಿಳಿಯಬೇಡಿ. ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ ಹೊಡೆಯುವವನನ್ನು ತಡೆದು ಕೇಳುತ್ತಿದ್ದರು. ಓಡಿ ಬಂದು ಬಸ್ಸು ಹಿಡಿದವನ ಮುಂಗೈಗೆ ಎರಡು ಬೆರಳು ಇಟ್ಟು, ಕೈಗಡಿಯಾರ ನೋಡುತ್ತ ನಾಡಿ ಎಣಿಸುತ್ತಿದ್ದರು. ಎಷ್ಟೋ ಜನ ಅವರನ್ನು ವೈದ್ಯರೆಂದು ತಿಳಿದು ನಾಲಿಗೆಯನ್ನೂ ಚಾಚಿದ್ದುಂಟು.

ನನ್ನ ಅಂಗಡಿಯ ಹಮಾಲ ಒಮ್ಮೆ ಚೀಲ ಇಳಿಸುತ್ತ ಕೇಳಿದ: “ಸರ, ಚೀಲಾ ಹೊರೂದು ಆಟಲ್ಲೇನ್ರಿ?”

“ಆಟ ಅಂದ್ರ ಯಾರರ ಗೆಲ್ಲಬೇಕಪಾ. ಇಲ್ಲಿ ಯಾರ ಗೆಲ್ತಾರ?”

“ದಿನಾ ಚೀಲಾನ ಗೆಲ್ತೈತ್ರಿ.”

ಮಾಸ್ತರು ತೊಡೆ ತಟ್ಟಿಕೊಂಡು ನಕ್ಕರು. ಅಷ್ಟಕ್ಕೇ ಬಿಡಲಿಲ್ಲ, ಅವನ ನಾಡಿಯನ್ನೂ ಹಿಡಿದರು. “ದಣಿವು ಮಾರಿ ಮ್ಯಾಲೆ ಕಾಣೂದಿಲ್ಲ. ಎರಡನೇ ದಿನಾ ಮೆಟ್ಟಲಾ ಹತ್ತುವಾಗ ಕಾಣತೈತಿ” ಎಂಬುದು ಅವರು ಪದೇ ಪದೇ ಆಡುತ್ತಿದ್ದ ಮಾತು. ಹೊಸ ಎತ್ತು ಕೊಳ್ಳುವವರಿಗೆ ಈ ಮಾತನ್ನು ನಾನೂ ಹೇಳುತ್ತ ಬಂದಿದ್ದೇನೆ. ಸಂತೆಯ ದಿನದ ಹುರುಪು ನೋಡಿ ಎತ್ತು ಕೊಳ್ಳಬಾರದು, ಮರುದಿನ ನೋಡಬೇಕು.

ಆದರೆ ಈ ಪ್ರಶ್ನೆ ಚಹಾದ ಹೊತ್ತಿನ ಹರಟೆಯಾಗಿ ಉಳಿಯಲಿಲ್ಲ. ಒಂದು ವರ್ಷ ಅದರ ಮೇಲೆ ಒಂದು ತಂಡದ ಅಳಿವು ಉಳಿವು ನಿಂತಿತು.

ನಮ್ಮ ಕಡೆ ಕುಸ್ತಿಯೆಂದರೆ ಕುಸ್ತಿ. ಪಾಲಬಾವಿಯ ತಾಲೀಮಿನ, ಅಂದರೆ ಗರಡಿಮನೆಯ, ಪೈಲ್ವಾನರಿಗೆ ಊರೇ ಖುರಾಕು ಕೊಡುತ್ತಿತ್ತು. ಎಮ್ಮೆ ಕಟ್ಟಿದ ಮನೆಗಳು ಪಾಳಿ ಹಾಕಿಕೊಂಡು ಮುಂಜಾನೆಯ ಹಾಲನ್ನು ಪೂರ್ತಿ ತಾಲೀಮಿಗೆ ಮುಟ್ಟಿಸಬೇಕು. ಅಲ್ಲಿ ಮೊದಲು ಮಾರುತಿಗೆ ತೋರಿಸಿ, ಆಮೇಲೆ ಪೈಲ್ವಾನರು ಕುಡಿಯುವುದು. ದೇವರ ಹಾಲಾದ್ದರಿಂದ ಮನೆಯಲ್ಲಿ ಒಂದು ಗುಟುಕೂ ಯಾರೂ ಬಾಯಿಗೆ ಹಾಕುವಂತಿಲ್ಲ. ಸಂಜೆಯ ಹಾಲು ಡೇರಿಗೆ. ಇನ್ನು ಹೆಣ್ಣುಮಕ್ಕಳಿಗೆ ಹಾಲು ಕುಡಿಸಿದರೆ ಬೇಗ ಮೈನೆರೆಯುತ್ತಾರೆ ಎಂದು ಅಜ್ಜಿಯರು ಹೇಳುತ್ತಿದ್ದರು, ಹಾಗಾಗಿ ಅವರಿಗೆ ಕರೀ ಚಹಾ.

ನನ್ನ ಅಣ್ಣನ ಮಗಳು ಹೈಸ್ಕೂಲಿನ ಖೋಖೋ ತಂಡದಲ್ಲಿದ್ದಳು. ನಸುಕಿನಲ್ಲಿ ಎಮ್ಮೆ ಹಿಂಡಿ, ಕ್ಯಾನು ತಾಲೀಮಿಗೆ ಮುಟ್ಟಿಸಿ, ಬರಿಹೊಟ್ಟೆಯಲ್ಲಿ ಬಯಲಿಗೆ ಓಡುತ್ತಿದ್ದಳು. ರಾಯಬಾಗದಲ್ಲಿ ತಾಲೂಕಿನ ಪಂದ್ಯ ಗೆದ್ದ ದಿನವೇ ಕಣ್ಣುಗತ್ತಲೆ ಬಂದು ಕಂಬದ ಬುಡದಲ್ಲಿ ಬಿದ್ದಳು. ಅಣ್ಣ ಮಾಸ್ತರನ್ನು ನಿಲ್ಲಿಸಿ ಹೇಳಿಯೇಬಿಟ್ಟ: “ಸರ, ಸಾಕ್ರಿ ಈ ಆಟ. ಮಗಳ ಸೊರಗಿ ಕಡ್ಡಿ ಆಗ್ಯಾಳ. ನಾಳಿಂದ ಕಳಸೂದಿಲ್ಲ.” ಬದಲಿಗೆ ನಿಲ್ಲಲು ತಂಡದಲ್ಲಿ ಬೇರೆ ಹುಡುಗಿ ಇರಲಿಲ್ಲ. ಇವಳು ಬಿಟ್ಟರೆ ತಂಡವೇ ಮುರಿಯುತ್ತಿತ್ತು. ಮುಂದೆ ಬೆಳಗಾವಿಯ ಪಂದ್ಯವಿತ್ತು.

ಮಾಸ್ತರು ನೇರ ತಾಲೀಮಿಗೆ ಹೋದರು. ಪಾಳಿಯ ಹಾಲಿನಲ್ಲಿ ಹುಡುಗಿಯರಿಗೂ ಪಾಲು ಬೇಕೆಂದರು. ಪೈಲ್ವಾನರಿಗೆ ಕಲಿಸುವ ವಸ್ತಾದ ಹಿರಿಯ ಮನುಷ್ಯ, ಮುದುಡಿದ ಕಿವಿ, ನಿಧಾನದ ಮಾತು.

“ಸರ, ಖೋಖೋ ಅಂದ್ರ ಕೋಳಿ ಹಿಡದಂಗ. ಅದಕ್ಯಾತರ ಖುರಾಕು?”

“ವಸ್ತಾದರ, ನೀವ ಒಮ್ಮಿ ಕೋಳಿ ಹಿಡದ ನೋಡ್ರಿ. ದಣಿಯೂದು ಕೋಳಿ ಅಲ್ಲ.”

ಕಟ್ಟೆಯ ಮೇಲೆ ಕುಳಿತವರೆಲ್ಲ ನಕ್ಕರು. ವಸ್ತಾದನೂ ನಕ್ಕ, ಆದರೆ ಸೋಲಲಿಲ್ಲ. “ಹಾಲು ದಣದಾರಿಗೆ ಐತ್ರಿ. ನಿಮ್ಮ ಹುಡಿಗ್ಯಾರು ನಮ್ಮ ಹುಡುಗರಕಿಂತ ಹೆಚ್ಚ ದಣೀತಾರಂತ ತೋರಸ್ರಿ, ಅರ್ಧಾ ಹಾಲ ನಿಮ್ದು.”

ಈ ಸುದ್ದಿ ನನ್ನ ಅಂಗಡಿಗೆ ಬಂದಾಗ ನಾನೊಂದು ಸಲಹೆ ಕೊಟ್ಟೆ. ಕೇಳಿದರೂ ಕೇಳದಿದ್ದರೂ ಸಲಹೆ ಕೊಡುವುದು ನನ್ನ ಸ್ವಭಾವ. “ಸರ, ಬಾಯಿಮಾತಿನ್ಯಾಗ ಇದು ಮುಗಿಯೂದಿಲ್ಲ. ಆಟಕ್ಕ ಮುಂಚೆ ತೂಗೂನು, ಆಟ ಮುಗದ ಮ್ಯಾಲೆ ತೂಗೂನು. ಯಾರ ಮೈ ಹೆಚ್ಚ ಕರಗತೈತೋ ಅವರ ಹೆಚ್ಚ ದಣದಾರು.”

ಮಾಸ್ತರ ಕಣ್ಣು ಅರಳಿತು. “ನಿಮ್ಮ ಕಾಟಾ ಕೊಡ್ತೀರಿ?”

ಕಾಟಾ ಚಕ್ಕಡಿ ಏರಿತು.

ಮರುವಾರದ ಒಂದು ಮುಂಜಾನೆ. ತಾಲೀಮಿಗೂ ಶಾಲೆಯ ಬಯಲಿಗೂ ನಡುವೆ ಬೇವಿನ ಗಿಡದ ಕೆಳಗೆ ಕಾಟಾ ಇಟ್ಟೆ. ಊರ ಪೈಕಿ ಅರ್ಧ ಜನ ಅಲ್ಲೇ. ಆ ಒಂದು ದಿನದ ಮಟ್ಟಿಗೆ ಮಗಳನ್ನು ಕಳಿಸಲು ಅಣ್ಣ ಒಪ್ಪಿದ್ದ. ಒಬ್ಬ ಪೈಲ್ವಾನ, ಅಣ್ಣನ ಮಗಳು, ಇಬ್ಬರನ್ನೂ ತೂಗಿದೆ. ಪೈಲ್ವಾನ ನಿಂತಾಗ ಕಾಟಾದ ಹಲಗೆ ಕುಂಯ್ ಎಂದಿತು. ಆಮೇಲೆ ಪೈಲ್ವಾನರು ಕುಸ್ತಿಯ ಮಣ್ಣಿಗಿಳಿದರು, ಹುಡುಗಿಯರು ಬಯಲಿಗಿಳಿದರು. ಮಾಸ್ತರು ಸೀಟಿ ಊದಿದಾಗ ಎರಡೂ ಕಡೆ ಆಟ ಒಟ್ಟಿಗೇ ನಿಂತಿತು.

ಮೊದಲು ಹುಡುಗಿ. ಮುಖ ಕೆಂಪಡರಿತ್ತು, ಬೆವರು ಹನಿಯುತ್ತಿತ್ತು. ತೂಕ ಚೂರು ಇಳಿದಿತ್ತು, ಚೂರಾದರೂ ಕಾಣುವಂತೆ ಇಳಿದಿತ್ತು. ಆಮೇಲೆ ಪೈಲ್ವಾನ. ಕಾಟಾದ ದಂಡಿಯ ಮೇಲಿನ ಗುಂಡು ಸರಿಸುತ್ತ ಹೋದೆ. ಮತ್ತೆ ಸರಿಸಿದೆ. ಅವನ ತೂಕ ಏರಿತ್ತು!

ಜನ ಹೋ ಎಂದಿತು. “ಏ, ಕುಸ್ತಿ ಹಿಡದ್ರ ಮೈ ಬರತೈತಲೇ!” ಎಂದು ಒಬ್ಬ. “ಹಂಗಾರ ಹಾಲ್ಯಾಕ, ಬರೇ ಕುಸ್ತಿ ಹಿಡಸ್ರಿ ಸಾಕು!” ಎಂದು ಮತ್ತೊಬ್ಬ. ವಸ್ತಾದನ ಮುಖ ಸಪ್ಪಗಾಯಿತು. ಕರಾರಿನ ಪ್ರಕಾರ ಅವನು ಸೋತಿದ್ದ.

ಮಾಸ್ತರು ಪೈಲ್ವಾನನ ಸುತ್ತ ಒಂದು ಸುತ್ತು ಬಂದರು. ಅವನ ಬೆನ್ನನ್ನು ಉಗುರಿನಿಂದ ಕೆರೆದು ನೋಡಿದರು. ನನಗೂ ಆಗಲೇ ಗೊತ್ತಾಯಿತು. ಕುಸ್ತಿಯ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಹಾಕಿ ಹದ ಮಾಡಿರುತ್ತಾರೆ. ಬೆವರಿದ ಮೈಗೆ ಅದು ಮೆತ್ತಿಕೊಂಡರೆ ಹೋಳಿಗೆಗೆ ಕಣಕ ಹಚ್ಚಿದಂತೆ. ಕರಗಿದ ಬೆವರನ್ನೂ ಅದೇ ಕುಡಿದು ಕೂತಿತ್ತು. ಕುಸ್ತಿ ಹಿಡಿದ ಮೈ ಆರುವವರೆಗೆ ನೀರು ಸೋಕಿಸಬಾರದು ಎಂಬುದು ತಾಲೀಮಿನ ಕಟ್ಟು, ಹಾಗಾಗಿ ಅವನು ಮಣ್ಣಿನ ಸಮೇತ ಕಾಟಾ ಏರಿದ್ದ. ದಿನಾ ಮಣ್ಣು ನೋಡುವ ನಮಗೆ ಯಾರಿಗೂ ಮೊದಲು ಅದು ಹೊಳೆದಿರಲಿಲ್ಲ.

ನಾನು ಮಾಸ್ತರ ಅಂಗಿ ಜಗ್ಗಿದೆ. “ಸರ, ಗೆದ್ದೀರಿ. ಬಾಯಿ ಮುಚಗೊಂಡ ನಿಂದರ್ರಿ.”

ವ್ಯಾಪಾರಕ್ಕಿಳಿಯುವ ಹುಡುಗರಿಗೆ ನಾನು ಇವತ್ತಿಗೂ ಹೇಳುವುದು ಇದನ್ನೇ. ಸೌದಾ ಕುದುರಿದ ಮೇಲೆ ಮಾತಾಡಿದವನು ಕೆಟ್ಟ.

“ಗೆದ್ದೇನೋ ಇಲ್ಲೋ, ಅದನ್ನ ನೋಡಬೇಕಲ್ಲ ಸಾವಕಾರ” ಎಂದವರೇ ಅವರು ಜನರ ಕಡೆ ತಿರುಗಿದರು. “ತೂಕ ತಪ್ಪೈತ್ರಿ! ಮಣ್ಣ ಹತ್ತೇತಿ. ಕೆರದು ಮತ್ತ ತೂಗೂನು.”

ತಾವೇ ಕುಳಿತು ಪೈಲ್ವಾನನ ಮೈಯ ಮಣ್ಣು ಉಜ್ಜಿ ತೆಗೆದರು. ವಸ್ತಾದನೂ ಕೈ ಹಚ್ಚಿದ. ಇಬ್ಬರೂ ಎತ್ತಿನ ಮೈ ತಿಕ್ಕುವವರ ಹಾಗೆ ಬೆವರಿದರು. ಮತ್ತೆ ತೂಗಿದಾಗ ಪೈಲ್ವಾನ ಹುಡುಗಿಗಿಂತ ಎಷ್ಟೋ ಹೆಚ್ಚು ಕರಗಿದ್ದ.

“ದೊಡ್ಡ ಮೈ, ದೊಡ್ಡ ಬೆವರು. ಮೈಗೆ ತಕ್ಕಂಗ ಲೆಕ್ಕ ಹಿಡೀಬೇಕು” ಎಂದು ನಾನು ಚೌಕಾಶಿಗೆ ಇಳಿದೆ.

“ಕರಾರಿನ್ಯಾಗ ಹಂಗ ಇರಲಿಲ್ಲೋ ತಮ್ಮಾ” ಎಂದ ವಸ್ತಾದ.

“ಇರಲಿಲ್ಲ, ಖರೆ” ಎಂದರು ಮಾಸ್ತರು. ದನಿ ಸಣ್ಣದಾಗಿತ್ತು. “ಇವತ್ತಿನ ಮಟ್ಟಿಗೆ ನಾ ಸೋತೇನ್ರಿ ವಸ್ತಾದರ.” ಹುಡುಗಿಯರು ಒಬ್ಬೊಬ್ಬರೇ ತಲೆ ತಗ್ಗಿಸಿದರು. ನಾನು ಕಾಟಾ ಬಿಚ್ಚಲು ಹೋದೆ.

ಅಷ್ಟು ಹೊತ್ತೂ ಗಿಡಕ್ಕೆ ಒರಗಿ ಸುಮ್ಮನೆ ನಿಂತಿದ್ದ ಅಣ್ಣ ಮುಂದೆ ಬಂದ. “ತಮ್ಮಾ, ಆಕಿನ್ನ ಇನ್ನೊಮ್ಮಿ ನಿಲ್ಲಸು. ಎಷ್ಟ ಇಳದಾಳ ಅನ್ನೂದ ಬ್ಯಾಡ. ಎಷ್ಟದಾಳ ಹೇಳು.”

“ಮೂರು ಪೆಂಟಿ ಬೆಲ್ಲ, ಮ್ಯಾಲೊಂದ ಚೂರು.”

“ಸರಿ ನೋಡು.”

“ಸರಿ ನೋಡೇನಿ ಅಣ್ಣಾ.”

ಅಣ್ಣನದು ಸ್ವಂತ ಗಾಣ. ತನ್ನ ಕೈಯಿಂದ ಬೆಲ್ಲ ಎರೆದು, ಒಂದೊಂದು ಕೈಗೆ ಹತ್ತು ಕಿಲೋದ ಒಂದೊಂದು ಪೆಂಟಿ ಎತ್ತಿ ಚಕ್ಕಡಿಗೆ ಹಾಕುವವನು. ಅವನಿಗೆ ಆ ಭಾರ ಎಷ್ಟೆಂದು ಯಾರೂ ಹೇಳಬೇಕಿರಲಿಲ್ಲ. ಮಗಳ ಕಡೆ ನೋಡಿದ, ಆಕೆ ಮುಂಜಾನೆ ಹೊತ್ತು ತಂದು ತಾಲೀಮಿನ ಕಟ್ಟೆಯ ಮೇಲೆ ಇಟ್ಟಿದ್ದ ಕ್ಯಾನಿನ ಕಡೆ ನೋಡಿದ.

“ವಸ್ತಾದರ, ನಮ್ಮ ಪಾಳಿ ತಪ್ಪಸೂದಿಲ್ಲ. ಆದರ ನಾಳಿಂದ ಹಾಲ ಹೊರಾಕಿ ಮೊದಲ ಕುಡೀತಾಳ. ಆಮ್ಯಾಲೆ ದೇವರಿಗೆ ಬರತೈತಿ. ನಿಮಗ ಅದು ಎಂಜಲ ಅನಸಿದ್ರ ಈಗ ಹೇಳ್ರಿ, ಪಾಳೀನ ಬಿಡತೇನಿ.”

ವಸ್ತಾದ ಕೈಗೆ ಹತ್ತಿದ ಮಣ್ಣನ್ನು ಉಜ್ಜಿಕೊಂಡ. “ಮಾರುತಿಗೆ ತಂಗಿ ಕುಡದದ್ದು ಎಂಜಲ ಹೆಂಗಾಕ್ಕೈತೋ? ಕುಡೀಲಿ” ಎಂದ. ಮತ್ತೆ ಸೇರಿಸಿದ: “ಆದರ ಕುಸ್ತೀನ ದೊಡ್ಡದು.”

“ಅದನ್ನ ಮುಂದಿನ ವರ್ಷ ನೋಡೂನ್ರಿ” ಎಂದರು ಮಾಸ್ತರು. ಅಷ್ಟರಲ್ಲೇ ಅವರ ಕಣ್ಣಿಗೆ ಮತ್ತೆ ಹೊಳಪು ಬಂದಿತ್ತು.

ಉಳಿದ ಮನೆಗಳೂ ಒಂದೊಂದಾಗಿ ಹಾಗೇ ಮಾಡಿದವು. ತಂಡ ಬೆಳಗಾವಿಗೆ ಹೋಯಿತು, ಮೊದಲ ಸುತ್ತಿನಲ್ಲೇ ಸೋತು ಬಂತು. ಆದರೆ ಯಾರೂ ಬೀಳಲಿಲ್ಲ, ಮರುವರ್ಷ ಯಾರೂ ಬಿಡಲಿಲ್ಲ. ನನಗೂ ಒಂದು ಲಾಭವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಗೆದ್ದ ತೂಕವನ್ನೇ ತಪ್ಪೆಂದು ಕೂಗಿ ಹೇಳಿದ ಮಾಸ್ತರ ಮಾತು ಸುತ್ತಲ ಹಳ್ಳಿಗಳಲ್ಲಿ ನನ್ನ ಕಾಟಾದ ಹೆಸರಿಗೆ ಅಂಟಿಕೊಂಡಿತು. “ಆ ಕಾಟಾದ ಅಂಗಡಿಗೆ ಹೋಗೂನು” ಎಂದು ರೈತರು ಹುಡುಕಿಕೊಂಡು ಬಂದರು. ಬಾಯಿ ಮುಚ್ಚಿಕೊಳ್ಳಿ ಅಂದವನು ನಾನು, ಬಾಯಿ ಬಿಟ್ಟವರು ಅವರು, ಬೆಳೆದದ್ದು ನನ್ನ ಅಂಗಡಿ.

ಮುಂದೆ ಅವರಿಗೆ ಅಥಣಿಯ ಕಡೆಗೆ ವರ್ಗವಾಯಿತು. ತೊಂಬತ್ತರ ದಶಕದ ಕೊನೆಗೆ ಎದೆಯ ಬೇನೆಯಿಂದ ಚಿಕ್ಕೋಡಿಯ ಮಗನ ಮನೆಯಲ್ಲಿ ಮಲಗಿದ್ದಾರೆಂದು ತಿಳಿದು, ಅಣ್ಣನ ಮಗಳನ್ನು ಕರೆದುಕೊಂಡು ಹೋದೆ. ಆಕೆಯ ಬಗಲಲ್ಲಿ ಎರಡನೆಯ ಕೂಸು ಇತ್ತು. ಮಾಸ್ತರು ಕೂಸನ್ನು ನೋಡಿದರು, ಆಕೆಯನ್ನು ನೋಡಿದರು, ದಿಂಬಿನಿಂದ ಚೂರು ಎದ್ದರು.

“ಏ ಹುಡುಗಿ, ನೀ ಎರಡೂ ಕಂಡಾಕಿ. ಖರೆ ಹೇಳು. ಖೋಖೋ ಹೆಚ್ಚೋ, ಹೆರಿಗಿ ಹೆಚ್ಚೋ?”

“ಹೆರಿಗ್ಯಾಗ ಬಾಜೂದಾಕಿಗೆ ಖೋ ಕೊಟ್ಟು ಕೂಡ್ರಾಕ ಬರೂದಿಲ್ರಿ ಸರ.”

ಅವರು ನಕ್ಕ ನಗು ಕೆಮ್ಮಿಗೆ ತಿರುಗಿತು. ಸೊಸೆ ನೀರು ಹಿಡಿದು ಓಡಿ ಬಂದಳು. ಕೆಮ್ಮು ನಿಂತ ಮೇಲೆ, “ಇಷ್ಟ ವರ್ಷ ನಾ ಗಂಡಸರನ್ನ ಅಷ್ಟ ಕೇಳಕೋತ ಬಂದ್ನಲ್ಲ” ಎಂದು ತಮಗೆ ತಾವೇ ಹೇಳಿಕೊಂಡರು. ನಾವು ನೋಡಿ ಬಂದ ಮೇಲೆ ಅವರು ಬಹಳ ದಿನ ಉಳಿಯಲಿಲ್ಲ.

ಅಣ್ಣನ ಮನೆಯಲ್ಲಿ ಈಗಲೂ ಹಾಲು ಹಿಂಡಿದ ಮೇಲೆ ಮೊದಲ ಲೋಟ ಮನೆಯ ಹೆಣ್ಣುಮಕ್ಕಳಿಗೆ, ಉಳಿದದ್ದು ಡೇರಿಗೆ. ಮೊನ್ನೆ ಹೊಸದಾಗಿ ಬಂದ ಸೊಸೆ ಲೋಟ ಕೈಯಲ್ಲಿ ಹಿಡಿದು ಅನುಮಾನದಿಂದ, “ಇದ್ಯಾವ ದೇವರ ನೇಮಾರಿ?” ಎಂದು ಕೇಳಿದಳು. “ದೇವರದಲ್ಲವ್ವ, ಡ್ರಿಲ್ ಮಾಸ್ತರದು. ಕುಡಿ” ಎಂದೆ.