ಎರಡು ಚುಕ್ಕಿ ಹೊತ್ತ ಅಕ್ಷರ

ನಕಾಶೆ ಮಾಸ್ತರರ ಬಲಗೈ ನಡುಬೆರಳಿನ ಪಕ್ಕದಲ್ಲಿ ಕಡಲೆಕಾಳಿನಷ್ಟು ದಪ್ಪದ ಗಂಟಿತ್ತು. ವರ್ಷಗಟ್ಟಲೆ ಪೆನ್ನು ಒತ್ತಿ ಗಟ್ಟಿಯಾದ ಚರ್ಮ. ಕಪ್ಪು ಶಾಯಿ ಅದರೊಳಗೇ ಇಳಿದಿತ್ತು.

ತೊಂಬತ್ತರ ದಶಕದಲ್ಲಿ ಚಿಕ್ಕೋಡಿಯಲ್ಲಿ, ಅಂತರ್ಜಲದ ಸಮೀಕ್ಷೆ ನಡೆಸುತ್ತಿದ್ದ ಕಚೇರಿಯೊಂದರಲ್ಲಿ ನಾನು ಹಂಗಾಮಿ ಟೈಪಿಸ್ಟ್. ಹೊಸದಾಗಿ ಬಂದ ಕಂಪ್ಯೂಟರಿಗೆ ಧೂಳು ತಾಗಬಾರದೆಂದು ಕೋಣೆಯ ಕಿಟಕಿಗಳಿಗೆ ಹಲಗೆ ಹೊಡೆದರು. ಮಾಸ್ತರರು ನಕಾಶೆ ಬರೆಯುತ್ತಿದ್ದ ಮೇಜನ್ನು ಹೊರಗೆ ಸಾಗಿಸಿ, ಅವರನ್ನು ನನ್ನ ಪಕ್ಕ ಸ್ಟೂಲಿನ ಮೇಲೆ ಕೂರಿಸಿದರು. "ಇಬ್ಬರ್ನೂ ಡಬ್ಬ್ಯಾಗ ಹಾಕಿ ಮುಚ್ಯಾರ ನೋಡ್ ತಂಗಿ," ಎನ್ನುತ್ತಿದ್ದರು. ಆಗಾಗ ಎದ್ದು ಬಾಗಿಲ ಸಂದಿಗೆ ಮುಖ ಒಡ್ಡಿ ನಿಲ್ಲುತ್ತಿದ್ದರು.

ಈ ಭಾಗದ ಕೈಪಂಪಿನ ಬೋರಿಂಗ್‌ಗಳ ನೀರು ಪರೀಕ್ಷಿಸಿ ಹೋಗಿದ್ದ ಜರ್ಮನ್ ತಜ್ಞರು ಫ್ಲಾಪಿಯಲ್ಲಿ ನಕಾಶೆಯ ಮಾಹಿತಿ ಕಳಿಸಿದರು. ತೆರೆದರೆ, ಎಷ್ಟೋ ಬೋರಿಂಗ್‌ಗಳ ಮುಂದೆ ಒಂದು ಎಸ್, ಪಕ್ಕದಲ್ಲಿ ಪುಟ್ಟ ಎನ್, ಆಮೇಲೆ ಇಟ್ಟಿಗೆಯಂಥ ಗುರುತು. ಕಸ ಸೇರಿಕೊಂಡಿದೆಯೆಂದು ಅಳಿಸಿ, ಎಸ್ ಮಾತ್ರ ಉಳಿಸಿದೆ. ಕಚೇರಿಯ ಸಾಹೇಬರು ಅದನ್ನು ಇಂಗ್ಲಿಷಿನ 'ಸಲೈನ್', ಅಂದರೆ ಉಪ್ಪುನೀರು, ಎಂದು ಓದಿಕೊಂಡರು. ಆ ಬೋರಿಂಗ್‌ಗಳ ಹಿಡಿಕೆ ಬಿಚ್ಚಲು ಆದೇಶ ಹೋಯಿತು.

ವಾರದ ಮೇಲೆ ನಮ್ಮದೇ ಭಾಗದ ಅನಂತಪುರವೆಂಬ ಹಳ್ಳಿಯ ಕಡೆಯಿಂದ ಕೂಲಿ ಮಾಡುವ ಹೆಣ್ಣುಮಗಳೊಬ್ಬಳು ತಂಬಿಗೆ ಹಿಡಿದು ಬಂದಳು.

"ಹಿಡಿಕಿ ಬಿಚ್ಚೂಕಿಂತ ಮದ್ಲ ತುಂಬಿಟ್ಟ ನೀರ್ರಿ ಇದು. ಕುಡುದ್ ಹೇಳ್ರಿ, ಉಪ್ಪ ಎಲ್ಲೈತಿ? ಈಗ ಮಂದಿ ಬಾವಿಗೆ ಹೋಗಿ ಬೈಸ್ಕೊಂಡ್ ನೀರ್ ತರಾಕತ್ತೇವಿ."

ಸಾಹೇಬರು ತಲೆಯೆತ್ತಲಿಲ್ಲ. ಮಾಸ್ತರರು ತಂಬಿಗೆ ಇಸಿದುಕೊಂಡು ಗಟಗಟನೆ ಕುಡಿದರು. "ಸಿಹಿ ಐತಲ್ಲ!" ಎಂದವರು ನೇರ ನಮ್ಮ ಕೋಣೆಗೆ ಬಂದು, ಫ್ಲಾಪಿಯ ಜೊತೆ ಬಂದಿದ್ದ ಅಚ್ಚಿನ ಪ್ರತಿ ತೆಗೆದರು. ಆಕೆಯ ಊರಿನ ಸಾಲಿನಲ್ಲಿ ಎಸ್, ತಲೆಯ ಮೇಲೆ ಎರಡು ಚುಕ್ಕಿ ಹೊತ್ತ ಯು, ಬಾಲ ಬಂದ ಬಿ ಥರದ ಇನ್ನೊಂದು ಅಕ್ಷರ. ಕೊನೆಯ ಪುಟದಲ್ಲಿ ಆ ಜರ್ಮನ್ ಪದದ ಇಂಗ್ಲಿಷ್ ಅರ್ಥವಿತ್ತು: ಸಿಹಿ.

"ಇದು ಕಸ ಅಲ್ಲ ತಂಗಿ, ಅಕ್ಷರ."

ಅವರು ಬೈಯಲಿಲ್ಲ. ಕಂಪ್ಯೂಟರು ಪ್ರತಿ ಅಕ್ಷರವನ್ನೂ ಒಂದು ಅಂಕಿಯಾಗಿ ಇಟ್ಟುಕೊಳ್ಳುತ್ತದೆ; ಜರ್ಮನರ ಯಂತ್ರ ಒಂದು ಅಂಕಿಗೆ ಒಂದು ಅಕ್ಷರ ತೋರಿಸಿದರೆ, ನಮ್ಮದು ಅದೇ ಅಂಕಿಗೆ ಬೇರೆಯದನ್ನು ತೋರಿಸುತ್ತಿತ್ತು. ಮಾಸ್ತರರಿಗೆ ಜರ್ಮನ್ ಬಾರದು, ಆದರೆ ಅಕ್ಷರದ ಆಕಾರ ಅವರ ಕಣ್ಣು ತಪ್ಪಿಸುತ್ತಿರಲಿಲ್ಲ. ಪರದೆಯ ಗುರುತು ಎಡಕ್ಕೆ, ಕಾಗದದ ಅಕ್ಷರ ಬಲಕ್ಕೆ ಬರೆಯುತ್ತ ಹೋದರು. ಫ್ಲಾಪಿಯಿಂದ ಮೂಲವನ್ನು ಮತ್ತೆ ತುಂಬಿ, ಆ ಪಟ್ಟಿಯಂತೆ ನಾನು ಒಂದೊಂದನ್ನೇ ಬದಲಿಸಿದೆ. ಹಿಡಿಕೆಗಳು ವಾಪಸು ಹೋದವು.

"ಅಳಿಸಿದ್ದು ಯಾರು?" ಎಂದು ಸಾಹೇಬರು ಒಂದು ದಿನ ಕೇಳಿದರು. ಅಪ್ಪ ಹಾಸಿಗೆ ಹಿಡಿದಿದ್ದರು; ಮನೆ ನಡೆಯುತ್ತಿದ್ದುದು ನನ್ನ ನೌಕರಿಯಿಂದ. ನಾನು ಏಳುವುದರೊಳಗೆ ಮಾಸ್ತರರು ಎದ್ದು, "ನಾನ ಅಳಸಂತ ಹೇಳಿದ್ನಿರಿ," ಎಂದರು; ಹಾಗೆಂದು ಬರೆದೂ ಕೊಟ್ಟರು. ಅವರ ಬಡ್ತಿ ನಿಂತಿತು. ನಿವೃತ್ತಿಯವರೆಗೂ ಹಳೆಯ ನಕಾಶೆಗಳ ಉಗ್ರಾಣದಲ್ಲಿ ಕೂತರು. ನನ್ನ ನೌಕರಿ ಕಾಯಂ ಆಯಿತು. ದಿನವೂ ಆ ಬಾಗಿಲು ದಾಟುವಾಗ ನಿಜ ಹೇಳಬೇಕೆನಿಸುತ್ತಿತ್ತು; ಹೇಳಲಿಲ್ಲ.

ಅವರು ತೀರಿಕೊಂಡ ಮೇಲೆ ನಿಪ್ಪಾಣಿಯ ಅವರ ಮನೆಗೆ ಹೋಗಿ, ಅವರ ಹೆಂಡತಿಯ ಮುಂದೆ ಎಲ್ಲ ಹೇಳಿ ಅತ್ತೆ.

"ಗೊತ್ತೈತವಾ," ಎಂದರು ಆಕೆ. "ನೀ ಎಂದರ ಬಂದ್ರ ಉಣಿಸಿ ಕಳಸು ಅಂದಿದ್ರು. ಕೈ ತೊಳಕೊ."